ಪರಸಿ ನಾಡಿನ ಹಿತ್ತಲುಗಳು

ವಾಡಿ ಜಂಕ್ಷನ್ ಹತ್ತಿರವಾಗುತ್ತಿದ್ದಂತೆ ರೈಲಿನ ಕಿಟಕಿಯಲ್ಲಿ ನೆಲದ ಒಳಗು ಕಾಣತೊಡಗುತ್ತದೆ. ಹಳಿಗಾಗಿ ಕಡಿದ ದಿಬ್ಬದಲ್ಲಿ, ಹಳ್ಳದ ದಂಡೆಯಲ್ಲಿ, ಕೈಬಿಟ್ಟ ಖಣಿಯ ಗೋಡೆಯಲ್ಲಿ, ಎಲ್ಲೆಲ್ಲೂ ಕಲ್ಲು ಪದರು ಪದರಾಗಿ, ಖಡಕ್ ರೊಟ್ಟಿ ಒಟ್ಟಿದಂತೆ ಮಲಗಿದೆ. ಎಷ್ಟೋ ಕೋಟಿ ವರ್ಷಗಳ ಹಿಂದೆ ಇಲ್ಲೊಂದು ಸಮುದ್ರವಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಕುಳಿತು, ಅದರ ಮೇಲೆ ಮತ್ತೆ ಕೆಸರು ಕುಳಿತು, ಗಟ್ಟಿಯಾಗಿ ಹುಟ್ಟಿದ್ದು ಈ ಕಲ್ಲು. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ನಾಡಿನ ಬೇರೆ ಕಡೆ ಇದು ಶಹಾಬಾದ್ ಕಲ್ಲು. ಇಲ್ಲಿಯವರಿಗೆ ಬರೀ ಪರಸಿ.

ಬೆಂಗಳೂರು, ಪುಣೆ, ಹೈದರಾಬಾದುಗಳ ಹಳೆಯ ಮನೆಗಳಲ್ಲಿ ಈ ಪರಸಿಯ ಮೇಲೆ ಓಡಾಡದೆ ಬೆಳೆದವರು ಕಡಿಮೆ. ನಾನೂ ಅದರ ಮೇಲೆ ಅಂಬೆಗಾಲಿಟ್ಟವನೇ. ಆದರೆ ಒಳ್ಳೆಯ ಹಾಸು ಲಾರಿ ಹತ್ತಿ ಹೋದ ಮೇಲೆ ಊರಿನಲ್ಲಿ ಏನು ಉಳಿಯುತ್ತದೆ? ಮೂಲೆ ಮುರಿದದ್ದು, ಬಿರುಕು ಬಿಟ್ಟದ್ದು, ಅಳತೆಗೆ ಬಾರದ್ದು, ಅಂಚಿನ ಚೂರು. ಅದರ ಜೊತೆಗೆ ರೈಲು ಬಿಟ್ಟದ್ದು, ಸಿಮೆಂಟ್ ಗೂಡು ಬಿಟ್ಟದ್ದು, ಅಜ್ಜಿಯರು ಬಿಟ್ಟದ್ದು. ಕಲಬುರಗಿ ಜಿಲ್ಲೆಯ ಈ ಮೂಲೆಯ ಜನ ಆ ಉಳಿಕೆಯಿಂದಲೇ ಹಿತ್ತಲು ಕಟ್ಟುತ್ತಾರೆ ಎಂದು ಗೆಳೆಯರೊಬ್ಬರು ಹೇಳಿದ್ದರು. ಅದನ್ನು ಕಣ್ಣಾರೆ ನೋಡಲು ಹೊರಟೆ. ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿ: ಹಿತ್ತಲುಗಳನ್ನು ನೋಡಲೆಂದು ಹೊರಟ ದಾರಿ ಎರಡು ಸಾವಿರ ವರ್ಷಗಳ ಹಿಂದಕ್ಕೆ ಕರೆದೊಯ್ಯಬಹುದೆಂದು ಆಗ ಊಹಿಸಿರಲಿಲ್ಲ.

ವಾಡಿ ಹುಟ್ಟಿದ್ದೇ ಎರಡು ರೈಲುಗಳು ಕೂಡಿದ್ದಕ್ಕೆ. ಮುಂಬೈಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ನಿಜಾಮರ ಸೀಮೆಯ ಹಳಿ ವಾಡಿಯಿಂದ ಸಿಕಂದರಾಬಾದಿಗೆ ಹೊರಟಿತು. ಅಂದಿನಿಂದ ಈ ಊರು ಹಗಲೂ ರಾತ್ರಿ ಗಾಡಿ ಬದಲಿಸುವವರ ಊರು. ಆಮೇಲೆ ಬಂದದ್ದು ಎಸಿಸಿಯ ಸಿಮೆಂಟ್ ಕಾರ್ಖಾನೆ. ಗೂಡಿನೊಳಗೆ ಸುಣ್ಣದಕಲ್ಲು ಸುಮಾರು 1450 ಡಿಗ್ರಿ ಶಾಖದಲ್ಲಿ ಬೆಂದು ಕ್ಲಿಂಕರ್ ಆಗುತ್ತದೆ. ಒಂದು ಟನ್ ಕ್ಲಿಂಕರ್‌ಗೆ ಸುಮಾರು ಒಂದೂವರೆ ಟನ್ ಕಲ್ಲು ಬೇಕು. ನೆಲ ಅಷ್ಟಷ್ಟೇ ಕರಗಿ, ಪುಡಿಯಾಗಿ, ಚೀಲ ಸೇರಿ ಊರು ಬಿಡುತ್ತದೆ.

ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರ ಮನೆಗೆ ಹೋದೆ. ಬಾಗಿಲ ಎದುರಿನ ಗೇಟಿಗೆ ಎರಡು ಹಳೆಯ ಹಳಿ ತುಂಡುಗಳನ್ನೇ ಕಂಬ ಮಾಡಿದ್ದರು. ಹಳಿಯ ಸೊಂಟದ ಮೇಲೆ ಅದನ್ನು ಎರಕ ಹೊಯ್ದು ಎಳೆದ ಕಾರ್ಖಾನೆಯ ಹೆಸರು, ಇಸವಿ ಉಬ್ಬಕ್ಷರದಲ್ಲಿ ಇರುತ್ತವೆ. ಬೆರಳಾಡಿಸಿದರೆ ಅಕ್ಷರ ಇರುವುದು ಗೊತ್ತಾಗುತ್ತದೆ. "ಓದಾಕ ಬರಲ್ರಿ ಈಗ, ವರ್ಸಾ ಬಣ್ಣ ಹಚ್ಚಿ ಹಚ್ಚಿ ಮುಚ್ಚಿಬಿಟ್ಟಾವ" ಎಂದರು. ನೂರಾರು ಗಾಡಿಗಳ ಭಾರ ಹೊತ್ತ ಉಕ್ಕು ಈಗ ಮಲ್ಲಿಗೆ ಬಳ್ಳಿಯನ್ನು ಹೊತ್ತು ನಿಂತಿದೆ. ಬಿಸಿಲಿಗೆ ಉಕ್ಕು ಕಾದು ಬಳ್ಳಿಯ ಚಿಗುರು ಸುಡುತ್ತದೆಂದು ಅವರು ಕಂಬಕ್ಕೆ ಸೆಣಬಿನ ಚೀಲ ಸುತ್ತಿ, ಅದರ ಮೇಲೆ ಬಳ್ಳಿ ಹಬ್ಬಿಸಿದ್ದರು. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ಮೀರುವ ಊರಿನಲ್ಲಿ ಇಂಥ ಸಣ್ಣ ವಿವೇಕವೇ ತೋಟವನ್ನು ಉಳಿಸುವುದು.

ಹಳಿ ಎಲ್ಲಿಂದ ಬಂತೆಂದು ಕೇಳುವ ಮೊದಲೇ ಅವರು ಹೇಳಿದರು: ಇಲಾಖೆ ಹರಾಜು ಹಾಕಿದ ಗುಜರಿಯನ್ನು ಕೊಂಡ ವ್ಯಾಪಾರಿಯಿಂದ, ರಸೀದಿ ಸಮೇತ. ಹಳಿಯ ಪಕ್ಕ ಬಿದ್ದ ಒಂದು ಬೋಲ್ಟನ್ನು ಎತ್ತಿಕೊಂಡರೂ 1966ರ ರೈಲ್ವೆ ಆಸ್ತಿ ಕಾಯ್ದೆಯ ಪ್ರಕಾರ ಅಪರಾಧ. ಇಡೀ ಜೀವನ ರೈಲಿನಲ್ಲಿ ದುಡಿದ ಮನುಷ್ಯನಿಗೆ ಈ ರಸೀದಿ ಎಷ್ಟು ಮುಖ್ಯವೆಂಬುದು ಅವರು ಅದನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟುಕೊಂಡ ರೀತಿಯಲ್ಲೇ ತಿಳಿಯಿತು.

ಅದೇ ಹಿತ್ತಲಿನಲ್ಲಿ ಸಿಮೆಂಟ್ ಗೂಡಿನ ಇಟ್ಟಿಗೆಗಳನ್ನೂ ಕಂಡೆ. ಉರುಳುವ ಗೂಡಿನ ಒಳಮೈಗೆ ಶಾಖ ತಡೆಯುವ ಇಟ್ಟಿಗೆ ಹೊದಿಸಿರುತ್ತಾರೆ. ಸವೆದಾಗ ಕಿತ್ತು ಹೊಸದು ಕೂರಿಸುತ್ತಾರೆ. ದುಂಡನೆಯ ಗೂಡಿಗೆ ಹೊಂದಬೇಕಲ್ಲ, ಹಾಗಾಗಿ ಇಟ್ಟಿಗೆ ಒಂದು ತುದಿಗೆ ಕಿರಿದು. ಅದನ್ನು ಸಾಲಾಗಿ ಇಟ್ಟರೆ ಸಾಲು ತಾನೇ ಬಾಗಿ ವೃತ್ತವಾಗುತ್ತದೆ! ಬೇವಿನ ಮರದ ಸುತ್ತ ಅವರು ಕಟ್ಟಿದ ಪಾತಿ ಅಷ್ಟು ಗುಂಡಗಿರಲು ಕಾರಣ ಅದು. ಇಲ್ಲೊಂದು ಎಚ್ಚರವನ್ನೂ ಓದುಗರಿಗೆ ಹೇಳಲೇಬೇಕು. ಗೂಡಿನ ಅತಿ ಬಿಸಿಯ ಭಾಗಕ್ಕೆ ಬಳಸುವ ಕಪ್ಪು ಇಟ್ಟಿಗೆಯಲ್ಲಿ ಕೆಲವು ಬಗೆಯಲ್ಲಿ ಕ್ರೋಮಿಯಂ ಇರುತ್ತದೆ. ಬೆಂದ ಮೇಲೆ ಅದು ನೀರಿನಲ್ಲಿ ಕರಗುವ ವಿಷವಾಗಬಲ್ಲದು. ಅಂಥದ್ದು ತೋಟಕ್ಕೆ ಬೇಡವೇ ಬೇಡ. ಹಿರಿಯರ ಹತ್ತಿರ ಇದ್ದದ್ದು ತಿಳಿ ಬಣ್ಣದ ಅಲ್ಯೂಮಿನಾ ಇಟ್ಟಿಗೆ. ಹಳೆಯ ಮರದ ಸ್ಲೀಪರುಗಳ ಮಾತೂ ಹಾಗೆಯೇ. ಗೆದ್ದಲು ತಾಗದಿರಲೆಂದು ಅವುಗಳಿಗೆ ಕ್ರಿಯೊಸೋಟ್ ಎಂಬ ಡಾಂಬರಿನ ಎಣ್ಣೆ ಕುಡಿಸಿರುತ್ತಾರೆ. ಕೂರುವ ಬೆಂಚಿಗೂ ಬೇಡ, ಮೆಂತ್ಯ ಪಾಲಕ್ ಬೆಳೆಯುವ ಮಡಿಯ ಅಂಚಿಗೂ ಬೇಡ.

ವಾಡಿಯಿಂದ ಶಹಾಬಾದಿಗೆ ದೂರವೇನಿಲ್ಲ. ದಾರಿಯುದ್ದಕ್ಕೂ ಖಣಿಗಳು, ಪಾಲಿಶ್ ಘಟಕಗಳು, ಲಾರಿಗೆ ಕಾದು ನಿಂತ ಕಲ್ಲಿನ ಸಾಲು. ಶಹಾಬಾದ್ ಸಿಮೆಂಟ್ ಕಂಪನಿ 1936ರಲ್ಲಿ ಎಸಿಸಿ ರೂಪುಗೊಂಡಾಗ ಅದರೊಳಗೆ ಸೇರಿದ ಕಂಪನಿಗಳಲ್ಲಿ ಒಂದು. ಇಂದು ಊರು ಉಸಿರಾಡುವುದು ಪರಸಿಯಿಂದಲೇ.

ಖಣಿಯೊಳಗೆ ಇಳಿದು ನೋಡಿದೆ. ಗ್ರಾನೈಟ್ ತೆಗೆಯುವಂತೆ ಇಲ್ಲಿ ಸಿಡಿಮದ್ದಿನ ಆರ್ಭಟವಿಲ್ಲ. ಪದರಿನ ಸಂದಿಗೆ ಹಾರೆಯ ಮೊನೆ ತೂರಿಸಿ, ಇನ್ನೊಬ್ಬರು ಹಾರೆ ಹಾಕಿ, ಮೂವರು ನಾಲ್ವರು ಒಟ್ಟಿಗೆ ಮೀಟುತ್ತಾರೆ. ಒಂದು ಗಳಿಗೆ ಏನೂ ಆಗುವುದಿಲ್ಲ. ಆಮೇಲೆ ಮಂಚದಗಲದ ಹಾಸು ತನ್ನಷ್ಟಕ್ಕೆ ಮೇಲೇಳುತ್ತದೆ, ಕೆಳಗಿನ ಮೈ ನುಣ್ಣಗೆ, ತೇವವಾಗಿ, ನೀಲಿ ಬೂದು ಬಣ್ಣದಲ್ಲಿ ಹೊಳೆಯುತ್ತ. ಆ ಮೈ ಬಿಸಿಲು ಕಂಡದ್ದು ಆಗಲೇ ಮೊದಲು. ಆ ಕೆಸರು ಕುಳಿತಾಗ ಭೂಮಿಯ ಮೇಲೆ ಹೂ ಬಿಡುವ ಗಿಡ ಒಂದೂ ಇರಲಿಲ್ಲ ಎಂದು ನೆನಪಾಗಿ ಮೈ ಜುಮ್ಮೆಂದಿತು. ಎದುರಿಗೆ ನಿಂತಿದ್ದ ಯುವಕ ಸುತ್ತಿಗೆಯಿಂದ ಹಾಸನ್ನು ತಟ್ಟಿ ಕಿವಿಗೊಟ್ಟ. "ಗಟ್ಟಿ ಇದ್ರ ಖಣ್ ಅಂತದ್ರಿ. ಒಳಗ ಬಿರುಕ್ ಇದ್ರ ದಬ್ ಅಂತದ." ಇದು ದಬ್ ಎಂದಿತು. ಪಕ್ಕದ ರಾಶಿಗೆ ಹೋಯಿತು.

ಆ ರಾಶಿ ನೋಡಬೇಕು. ಖಣಿಯ ದಂಡೆಯಲ್ಲಿ ಸಣ್ಣ ಗುಡ್ಡವಾಗಿ ನಿಂತಿರುತ್ತದೆ. ಯಾರಿಗೂ ಬೇಡದ ಆ ಗುಡ್ಡದಿಂದಲೇ ಆ ಯುವಕನ ತಾಯಿ ತಮ್ಮ ಮನೆಯ ಹಿತ್ತಲನ್ನು ಕಟ್ಟಿದ್ದಾರೆ. ನನ್ನ ಇಡೀ ಪ್ರಯಾಣದಲ್ಲಿ ಕಂಡ ಅತಿ ಸುಂದರ ತೋಟ ಅದು. ಎರಡು ಗುಂಟೆಯೂ ಇಲ್ಲದ ಜಾಗ. ಸುತ್ತ ಆಳೆತ್ತರದ ಪರಸಿಗಳನ್ನು ನೆಲದಲ್ಲಿ ಹೂತು ನಿಲ್ಲಿಸಿದ ಬೇಲಿ. ಒಂದು ಕಲ್ಲೂ ಇನ್ನೊಂದರ ಎತ್ತರಕ್ಕಿಲ್ಲ. ಬೆಳಗಿನ ಬಿಸಿಲು ಆ ಸಂದಿಗಳಿಂದ ಪಟ್ಟೆ ಪಟ್ಟೆಯಾಗಿ ಒಳಬೀಳುತ್ತದೆ. ಒಳಗೆ ಮೂರು ಬಣ್ಣದ ಚೂರುಗಳ ಕಾಲುದಾರಿ: ಬೂದು, ಹಳದಿ ಮಿಶ್ರಿತ, ನಸುಗೆಂಪು. ಪಾಲಿಶ್ ಆಗುವಾಗ ಮುರಿದ ತುಂಡುಗಳಿಂದ ತುಳಸಿ ಕಟ್ಟೆ. ಕಟ್ಟೆಯ ಎದೆಯ ಮಟ್ಟದಲ್ಲಿ ಒಡೆದ ಗಾಜಿನ ಬಳೆಗಳನ್ನು ಸಿಮೆಂಟಿನಲ್ಲಿ ಹುದುಗಿಸಿ ಬಿಡಿಸಿದ ಹೂವು. ಹಸಿರು ಬಳೆಗಳು ಹೆಚ್ಚು. "ನನ್ನ ಮಗಳ ಮದುವಿ ಬಳಿ ಆವ್ರಿ ಅವು, ಕುಪ್ಪಸದ್ದೂ ಅವ" ಎಂದರು, ಕೈಯಿಂದ ಕಟ್ಟೆ ಸವರುತ್ತ.

ಮನೆಯಲ್ಲಿ ಮಿಕ್ಸರ್ ಬಂದ ಮೇಲೆ ಹೊರಗೆ ಬಿದ್ದ ಒರಳು ಈಗ ಹಕ್ಕಿಗಳ ನೀರಿನ ತೊಟ್ಟಿ. ಗುಬ್ಬಿಗಳು ಬಂದು ಮೀಯುತ್ತಿದ್ದವು. ಸೊಳ್ಳೆ ಆಗದಂತೆ ದಿನಾ ನೀರು ಚೆಲ್ಲಿ ಹೊಸದು ತುಂಬುತ್ತಾರೆ, ಚೆಲ್ಲಿದ ನೀರು ಕರಿಬೇವಿನ ಬುಡಕ್ಕೆ. ಬೀಸುಕಲ್ಲಿನ ಮೇಲಿನ ಹೋಳು ಮೆಟ್ಟಿಲಾಗಿದೆ, ಅದರ ನಡುವಿನ ತೂತಿನಿಂದ ಸದಾಪುಷ್ಪದ ಗಿಡವೊಂದು ತಾನಾಗಿಯೇ ಎದ್ದಿದೆ. ದನ ಕಟ್ಟುವುದು ನಿಂತ ಮನೆಯ ಗ್ವಾದಲಿಯಲ್ಲಿ ಪುದೀನ, ಕೊತ್ತಂಬರಿ. ಕೈ ತೊಳೆದ ನೀರು, ಅಕ್ಕಿ ತೊಳೆದ ನೀರು ಪರಸಿಯ ಕಿರಿದಾದ ಪಟ್ಟಿಗಳಿಂದ ಮಾಡಿದ ಕಾಲುವೆಯಲ್ಲಿ ಇಡೀ ಹಿತ್ತಲು ಸುತ್ತಿ ಕೊನೆಗೆ ಬಾಳೆಯ ಬುಡ ಸೇರುತ್ತದೆ. ಒಂದು ಹನಿಯೂ ಬೀದಿಗೆ ಹೋಗುವುದಿಲ್ಲ.

ಆ ಕಾಲುದಾರಿಯ ಕೆಳಗಿನ ಕೆಲಸವನ್ನು ಅವರು ಒಂದು ಕಲ್ಲು ಎತ್ತಿ ತೋರಿಸಿದರು. ಇಲ್ಲಿಯದು ಎರೆ ಭೂಮಿ. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಗೆ ಅಂಗೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ನೇರ ಕಲ್ಲು ಹಾಸಿದರೆ ಒಂದೇ ವರ್ಷದಲ್ಲಿ ಎಲ್ಲ ಓರೆ. ಆದ್ದರಿಂದ ಒಂದು ಗೇಣು ಎರೆ ತೆಗೆದು, ಗರಸು ತುಂಬಿ, ದಮ್ಮಸು ಹಾಕಿ, ಅದರ ಮೇಲೆ ಖಣಿಯ ಪುಡಿ ಹರಡಿ ಕಲ್ಲು ಕೂರಿಸಬೇಕು. ಸಂದಿಗೆ ಸಿಮೆಂಟ್ ತುಂಬಬಾರದು, ಮಳೆನೀರು ಇಳಿಯಲು ದಾರಿ ಬೇಕು. ಗಿಡಗಳ ಬುಡದಲ್ಲಿ ಕೈಯಗಲದ ಚೂರುಗಳನ್ನು ಮುಚ್ಚಿಗೆಯಾಗಿ ಇಟ್ಟಿದ್ದರು. ಅದರ ಅಡಿಯ ಮಣ್ಣು ಮಧ್ಯಾಹ್ನ ಮೂರು ಗಂಟೆಗೂ ತಂಪಾಗಿತ್ತು. ಆದರೆ ಸುಣ್ಣದಕಲ್ಲಲ್ಲವೇ, ಮಣ್ಣಿಗೆ ಕ್ಷಾರ ಸೇರುತ್ತದೆ. ಕ್ಷಾರ ಸಹಿಸದ ಗಿಡಗಳ ಎಲೆ ಹಳದಿಯಾಗುತ್ತದೆ. ಅದಕ್ಕೇ ಆ ತಾಯಿ ಹಚ್ಚಿದ್ದು ಕಣಗಿಲೆ, ಸೀತಾಫಲ, ನುಗ್ಗೆ, ಕಾಗದದ ಹೂವಿನ ಬಳ್ಳಿ, ಚಂಡುಹೂವು. ಅವರು ಯಾವ ಪುಸ್ತಕ ಓದಿಯೂ ಈ ಪಟ್ಟಿ ಮಾಡಿದವರಲ್ಲ. ಯಾವುದು ಬದುಕಿತೋ ಅದನ್ನೇ ಮತ್ತೆ ಹಚ್ಚುತ್ತ ಬಂದಿದ್ದಾರೆ. ಪರಸಿಗೆ ನಿಂಬೆರಸ, ಹುಣಸೆಹುಳಿ ಬಿದ್ದರೆ ಹೊಳಪು ಹೋಗಿ ಬಿಳಿ ಕಲೆ ಉಳಿಯುತ್ತದೆಂದು ಈ ಊರಿನ ಮಕ್ಕಳಿಗೂ ಗೊತ್ತು. ಆದ್ದರಿಂದ ಹಳೆಯ ಹಾಸುಗಳನ್ನು ಯಾರಾದರೂ ಆಸಿಡ್ ಹಾಕಿ ತೊಳೆಯಲು ಹೊರಟರೆ ದಯವಿಟ್ಟು ತಡೆಯಿರಿ.

ಅಲ್ಲಿ ನಿಂತಾಗ ನನಗೆ ನೆನಪಾದದ್ದು ಚಂಡೀಗಢದ ನೇಕ್ ಚಂದ್. ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್ಸ್‌ಪೆಕ್ಟರ್ ಆಗಿದ್ದ ಅವರು, ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷಗಳನ್ನು ಸೈಕಲ್ ಮೇಲೆ ಹೊತ್ತು ತಂದು, ಒಡೆದ ಪಿಂಗಾಣಿ, ಬಳೆ ಚೂರು, ಪೈಪು, ಕಲ್ಲುಗಳಿಂದ 1950ರ ದಶಕದ ಕೊನೆಯಿಂದ ವರ್ಷಗಟ್ಟಲೆ ಗುಟ್ಟಾಗಿ ಒಂದು ಲೋಕವನ್ನೇ ಕಟ್ಟಿದರು. ಅದು 1976ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇಂದು ಜಗತ್ತಿನ ಎಲ್ಲೆಡೆಯಿಂದ ಜನ ಬಂದು ನೋಡುತ್ತಾರೆ. ಶಹಾಬಾದಿನ ಆ ತಾಯಿ ನೇಕ್ ಚಂದರ ಹೆಸರು ಕೇಳಿಲ್ಲ. ಆದರೆ ಇಬ್ಬರ ಕೈಯಲ್ಲಿರುವುದು ಒಂದೇ ನಂಬಿಕೆ: ಒಡೆದದ್ದಕ್ಕೂ ಒಂದು ಜಾಗವಿದೆ. ನಾನು ಇದನ್ನು ಉತ್ಪ್ರೇಕ್ಷೆಯಿಂದ ಹೇಳುತ್ತಿಲ್ಲ. ಆ ಬಳೆಹೂವಿನ ಎದುರು ನಿಂತವರು ಯಾರಾದರೂ ಹೀಗೇ ಹೇಳಿಯಾರು.

ಕಲ್ಲು ತೆಗೆದು ಬಿಟ್ಟ ಗುಂಡಿಗಳಲ್ಲಿ ಮಳೆನೀರು ತುಂಬಿ ನೀಲಿ ಕೆರೆಗಳಾಗಿವೆ. ಮೇಲಿನಿಂದ ನೋಡಲು ಚೆಲುವು. ಆದರೆ ಗೋಡೆ ನೆಟ್ಟಗೆ ಇಳಿದಿರುತ್ತದೆ, ಹತ್ತಿ ಬರಲು ಹಿಡಿತವಿಲ್ಲ. ಪಾಲಿಶ್ ಘಟಕಗಳ ಬಿಳಿ ರಾಡಿ ಹರಿದ ಕಡೆ ಹುಲ್ಲು ಕೂಡ ಏಳುವುದಿಲ್ಲ. ಆ ಹಿತ್ತಲಿನ ಸೊಬಗನ್ನು ಹೊಗಳುವಾಗ ಇವೆರಡನ್ನೂ ಮರೆಯಲು ನನ್ನಿಂದ ಆಗದು. ಈ ಗುಂಡಿಗಳ ಸುತ್ತಲೂ ಅದೇ ರಾಶಿಯ ಕಲ್ಲು ನಿಲ್ಲಿಸಿ ಬೇಲಿ ಹಾಕಬಹುದಲ್ಲ! ಕಲ್ಲು ಅಲ್ಲಿಯೇ ಬಿದ್ದಿದೆ, ಕೈಗಳೂ ಇವೆ.

ಚಿತ್ತಾಪುರಕ್ಕೆ ಬಂದಾಗ ಸಂಜೆ. ಊರ ಹತ್ತಿರದ ನಾಗಾವಿಯಲ್ಲಿ ಯಲ್ಲಮ್ಮನ ಗುಡಿಗೆ ಬಂದವರು ಹೂಕಾಯಿ ಹಿಡಿದು ನಡೆಯುತ್ತಿದ್ದರು. ಅವರು ನಡೆಯುತ್ತಿದ್ದ ನೆಲ ಒಂದು ಕಾಲದ ವಿದ್ಯಾಲಯದ್ದು. 1058ರ ಇಲ್ಲಿಯ ಶಾಸನ ಒಂದು ಘಟಿಕಾಸ್ಥಾನದ ಲೆಕ್ಕ ಕೊಡುತ್ತದೆ: ವೇದ ಓದುವವರು 200, ಶಾಸ್ತ್ರ ಓದುವವರು 52, ಅವರಿಗೆ ಗುರುಗಳು, ಮತ್ತು ಆರು ಮಂದಿ ಸರಸ್ವತೀ ಭಂಡಾರಿಗರು. ಸಾವಿರ ವರ್ಷದ ಹಿಂದೆ ಈ ಬಿಸಿಲ ಸೀಮೆಯಲ್ಲಿ ಗ್ರಂಥಭಂಡಾರವನ್ನು ನೋಡಿಕೊಳ್ಳಲು ಆರು ಜನರಿಗೆ ಸಂಬಳ! ಅಲ್ಲಿಯ ಹಳೆಯ ಕಂಬಗಳ ನಡುವೆ ಕೂತು ಬಹಳ ಹೊತ್ತು ಏಳಲಾಗಲಿಲ್ಲ.

ಆದರೆ ಈ ಪ್ರಯಾಣದ ಎದೆ ಇದ್ದದ್ದು ಇನ್ನೂ ಮುಂದೆ, ಭೀಮೆಯ ದಂಡೆಯ ಸನ್ನತಿಯಲ್ಲಿ. ಚಂದ್ರಲಾಂಬೆಯ ಗುಡಿಯಿಂದಾಗಿ ಕರ್ನಾಟಕ, ಮಹಾರಾಷ್ಟ್ರದ ಎಷ್ಟೋ ಮನೆತನಗಳಿಗೆ ಇದು ಕುಲದೇವತೆಯ ಊರು. 1986ರಲ್ಲಿ ಆ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿ ಭಗ್ನವಾಯಿತು. ಭಗ್ನವಾದ ಮೂರ್ತಿಯ ಕೆಳಗಿನ ಪೀಠದ ಕಲ್ಲಿನ ಮೇಲೆ ಅಕ್ಷರಗಳು ಕಂಡವು. ಓದಿದಾಗ ಅದು ಅಶೋಕನ ಶಾಸನ!

ಆ ಕಲ್ಲಿನ ಕತೆಯನ್ನು ಮೊದಲ ಬಾರಿ ಕೇಳಿದವರಿಗೆ ನಿದ್ದೆ ಬರುವುದು ಕಷ್ಟ. ಎರಡೂ ಮುಖಕ್ಕೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಬರೆದ ಚಪ್ಪಡಿ. ಒಂದು ಮುಖದಲ್ಲಿ ಅಶೋಕನ 12 ಮತ್ತು 14ನೆಯ ಶಿಲಾಶಾಸನಗಳು, ಇನ್ನೊಂದರಲ್ಲಿ ಕಳಿಂಗದಲ್ಲಿ ಸಿಕ್ಕ ಎರಡು ಪ್ರತ್ಯೇಕ ಶಾಸನಗಳ ಪಾಠ. ಕಾಲ ಸರಿದು, ಆ ಲಿಪಿ ಓದುವವರೇ ಇಲ್ಲವಾದ ಮೇಲೆ, ಯಾರೋ ಒಬ್ಬ ಶಿಲ್ಪಿ ಈ ಗಟ್ಟಿ ಚಪ್ಪಡಿಯನ್ನು ಕಂಡ. ನಡುವೆ ಚೌಕಾಕಾರದ ಕುಳಿ ಕೊರೆದು ದೇವಿಯನ್ನು ನಿಲ್ಲಿಸಿದ. ಕೆಲವು ಸಾಲುಗಳು ಆ ಉಳಿಗೆ ಹೋದವು, ನಿಜ. ಆದರೆ ಉಳಿದ ಸಾಲುಗಳು ಉಳಿದದ್ದೂ ಅದೇ ಕೈಯಿಂದ. ಬಯಲಲ್ಲಿ ಬಿದ್ದಿದ್ದರೆ ಮಳೆ ತಿನ್ನುತ್ತಿತ್ತು, ಇಲ್ಲವೇ ಸುಣ್ಣದ ಭಟ್ಟಿಗೆ ಹೋಗುತ್ತಿತ್ತು. ದೇವಿಯ ಪಾದದಡಿ ಅದು ಶತಮಾನಗಳ ಕಾಲ ಸುರಕ್ಷಿತವಾಗಿತ್ತು. ಹನ್ನೆರಡನೆಯ ಶಾಸನ ಹೇಳುವುದಾದರೂ ಏನು? ನಿನ್ನ ಮತವನ್ನು ಹೊಗಳುವ ಭರದಲ್ಲಿ ಪರರ ಮತವನ್ನು ಹಳಿಯಬೇಡ, ಎಲ್ಲರ ಮಾತನ್ನೂ ಕೇಳು ಎಂಬ ಅರ್ಥದ ಮಾತು. ಬೌದ್ಧ ದೊರೆಯ ಆ ಮಾತನ್ನು ತನಗರಿಯದೆಯೇ ಕಾಳಿ ಕಾಪಾಡಿದಳು. ಇದಕ್ಕಿಂತ ದೊಡ್ಡ ಮರುಬಳಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸನ್ನತಿಯ ಸಮೀಪದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1994ರಿಂದ 2001ರವರೆಗೆ ಅಗೆದು ತೆಗೆದದ್ದು ಮಹಾಸ್ತೂಪ. ಅದರ ಶಾಸನಗಳೇ ಅದನ್ನು ಅಧೋಲೋಕ ಮಹಾಚೈತ್ಯ ಎಂದು ಕರೆಯುತ್ತವೆ. ಸ್ತೂಪದ ಮೈಗೆ ಹೊದಿಸಿದ್ದ ಚಪ್ಪಡಿಗಳ ಮೇಲೆ ಜಾತಕ ಕತೆಗಳು, ಶಾತವಾಹನ ಅರಸರು, ಮತ್ತು ರಾಣಿಯೊಡನೆ ನಿಂತ ಒಬ್ಬ ದೊರೆ. ಅವನ ಪಕ್ಕ ಬ್ರಾಹ್ಮಿಯಲ್ಲಿ ಸ್ಪಷ್ಟವಾಗಿ ಬರೆದಿದೆ: ರಾಯ ಅಸೋಕೋ. ಹೆಸರು ಕೆತ್ತಿದ ಅಶೋಕನ ಚಿತ್ರ! ಅವನು ನಿಂತಿರುವುದು ಯಾವ ಕಲ್ಲಿನ ಮೇಲೆ? ಇದೇ ಸೀಮೆಯ ಸುಣ್ಣದಕಲ್ಲಿನ ಮೇಲೆ. ಶಹಾಬಾದಿನ ಆ ಹಿತ್ತಲಿನ ಕಾಲುದಾರಿಯ ಸೋದರ ಸಂಬಂಧಿ. ಅಲ್ಲಿ ನಿಂತು ಅಂಗೈಯಿಂದ ಮುಟ್ಟುವ ಆಸೆಯಾಯಿತು. ಮುಟ್ಟಲಿಲ್ಲ. ಬೆವರಿನ ಕೈ ಸುಣ್ಣದಕಲ್ಲಿಗೆ ಒಳ್ಳೆಯದಲ್ಲ.

ಕನಗನಹಳ್ಳಿ ನೋಡಿ ಬಂದ ಮೇಲೆ ನನ್ನ ಕಣ್ಣು ಬೇರೆಯಾಯಿತು. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಅದು ಇನ್ನಷ್ಟು ಸ್ಪಷ್ಟವಾಯಿತು. ಕಾಗಿಣಾ ನದಿಯ ದಂಡೆಯ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ರಾಜಧಾನಿ ಇದು. ಕನ್ನಡದಲ್ಲಿ ನಮಗೆ ದೊರೆತ ಅತಿ ಹಳೆಯ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದು ಈ ಆಸ್ಥಾನದಲ್ಲಿ. 972ರಲ್ಲಿ ಪರಮಾರ ಸೀಯಕ ಊರನ್ನು ಸೂರೆ ಮಾಡಿದ. ಈಗ ಕೋಟೆ, ನೇಮಿನಾಥ ಬಸದಿ, ಉತ್ತರಾದಿ ಮಠ, ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಗೋಪುರ, ಎಲ್ಲವೂ ಒಂದೇ ನೋಟದೊಳಗೆ.

ಕೋಟೆಯೊಳಗಿನ ಓಣಿಗಳಲ್ಲಿ ನಡೆದೆ. ದಪ್ಪ ಕಲ್ಲಿನ ಗೋಡೆಗಳು, ಪರಸಿಯನ್ನೇ ಚಾವಣಿಗೆ ಹಾಸಿದ ಮನೆಗಳು. ಒಂದು ಗೋಡೆಯ ನಡುವೆ ಬಳ್ಳಿ ಕೆತ್ತಿದ ತುಂಡು, ಇನ್ನೊಂದರಲ್ಲಿ ಯಾವುದೋ ಕಂಬದ ಬೋದಿಗೆ. ನಮ್ಮ ಹಿರಿಯರು ಕಲ್ಲನ್ನು ಎಸೆದವರಲ್ಲ. ಗುಡಿ ಬಿದ್ದರೆ ಅದರ ಕಲ್ಲು ಕೋಟೆಗೆ, ಕೋಟೆ ಬಿದ್ದರೆ ಮನೆಗೆ. ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಮುತ್ಯಾ ಒಬ್ಬರು, "ನಮ್ಮಪ್ಪನೂ ಹುಟ್ಟಿದಾಗ ಈ ಕಲ್ಲು ಇಲ್ಲೇ ಇತ್ತಪಾ. ಬೇರೆ ಊರಿನವರು ಬಂದು ರೊಕ್ಕ ಕೊಡ್ತೀವಿ ಅಂತಾರ. ಕೊಡಾಂಗಿಲ್ಲ" ಎಂದರು. ಏಕೆಂದು ಕೇಳಿದೆ. "ಗ್ವಾಡಿ ಬಿದ್ದೀತು" ಎಂದು ನಕ್ಕು, ಆಮೇಲೆ ಗಂಭೀರವಾಗಿ, "ಇದು ಇಲ್ಲಿಂದಲ್ಲ ಹೋಗೋ ವಸ್ತು" ಎಂದರು.

ಆ ಮಾತಿನಲ್ಲಿ ನಾನು ಹುಡುಕುತ್ತಿದ್ದ ಗೆರೆ ಇತ್ತು. ಹಳೆಯ ಸಾಮಾನಿನಿಂದ ತೋಟ ಸಿಂಗರಿಸುವುದು ಈಗ ದೊಡ್ಡ ನಗರಗಳಲ್ಲಿ ಹಣವಂತರ ಹವ್ಯಾಸವೂ ಆಗಿದೆ. ರೆಸಾರ್ಟುಗಳ ಹುಲ್ಲುಹಾಸಿನ ಮೇಲೆ ವೀರಗಲ್ಲು, ನಾಗರಕಲ್ಲು, ಗುಡಿಯ ಕಂಬ ನಿಂತಿರುವುದನ್ನು ನೋಡಿದ್ದೇನೆ. ನೋಡಿ ಎದೆ ಉರಿದಿದೆ. ಒರಳು, ಗ್ವಾದಲಿ, ಬಂಡಿಗಾಲಿ, ಹಳೆಯ ಹಳಿ ಮನೆಯಿಂದ ಮನೆಗೆ ಹೋಗಬಹುದು, ಗುಜರಿಯಿಂದ ಕೊಳ್ಳಬಹುದು. ಆದರೆ ವೀರಗಲ್ಲು ಯಾರೋ ಸತ್ತ ಜಾಗದ ನೆನಪು. ಅದನ್ನು ಕಿತ್ತ ಕ್ಷಣದಲ್ಲೇ ಅದರ ಅರ್ಧ ಮಾತು ನೆಲದಲ್ಲಿ ಉಳಿದುಹೋಗುತ್ತದೆ. 1972ರ ಪ್ರಾಚೀನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯು ನೂರು ವರ್ಷ ದಾಟಿದ ಶಿಲ್ಪ, ಶಾಸನಗಳನ್ನು ಪ್ರಾಚೀನ ವಸ್ತುವೆಂದು ಕರೆದು ಅವುಗಳ ಮಾರಾಟಕ್ಕೆ ಪರವಾನಗಿ, ಶಿಲ್ಪಗಳಿಗೆ ನೋಂದಣಿ ಬೇಕೆನ್ನುತ್ತದೆ. ಹೊಲ ಉಳುವಾಗ ಅಕ್ಷರವಿರುವ ಕಲ್ಲು ಸಿಕ್ಕರೆ ಅಲ್ಲಿಯೇ ಬಿಟ್ಟು, ಫೋಟೊ ತೆಗೆದು, ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿದರೆ ಸಾಕು. ನಾಳೆ ಅದು ಇನ್ನೊಂದು ಸನ್ನತಿ ಆಗಬಹುದು. ಅಂದಿನ ಶಿಲ್ಪಿಗೆ ಬ್ರಾಹ್ಮಿ ಬರುತ್ತಿರಲಿಲ್ಲ. ನಮಗೆ ಓದಿ ಹೇಳುವವರು ಇದ್ದಾರೆ, ಆದ್ದರಿಂದ ನಮ್ಮ ಹೊಣೆ ದೊಡ್ಡದು.

ಸೇಡಂ ದಾಟಿ ಚಿಂಚೋಳಿಯತ್ತ ಏರುತ್ತಿದ್ದಂತೆ ಬಣ್ಣವೇ ಬದಲಾಯಿತು. ಕರಿ ಎರೆ, ಬೂದು ಪರಸಿ ಹಿಂದೆ ಸರಿದು ಕೆಂಪು ಜಂಬಿಟ್ಟಿಗೆ ಕಲ್ಲಿನ ಗುಡ್ಡಗಳು ಬಂದವು. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮ ಇಲ್ಲಿದೆ, ಸುಮಾರು 135 ಚದರ ಕಿಲೋಮೀಟರ್ ಕುರುಚಲು ಮತ್ತು ಎಲೆ ಉದುರುವ ಕಾಡು. ಚಂದ್ರಂಪಳ್ಳಿ ಜಲಾಶಯದ ನೀರು ಆ ಕೆಂಪಿನ ನಡುವೆ ಹಸಿರಾಗಿ ಹೊಳೆಯುತ್ತಿತ್ತು. ಬಿಸಿಲ ನಾಡೆಂದೇ ಹೆಸರಾದ ಕಲಬುರಗಿಯಲ್ಲಿ ಇಂಥದ್ದೊಂದು ಮಲೆ ಇದೆಯೆಂದು ಎಷ್ಟು ಕನ್ನಡಿಗರಿಗೆ ಗೊತ್ತು!

ಗುಡ್ಡದ ಬುಡದ ತಾಂಡಾ ಒಂದರಲ್ಲಿ ಕಂಡ ಹಿತ್ತಲಿಗೆ ಕಲ್ಲಿನ ಭಾರವಿರಲಿಲ್ಲ. ಬೇಲಿ ತೊಗರಿ ಕಟ್ಟಿಗೆಯದು. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿ ತೊಗರಿಯ ಬೇಳೆ ಪೇಟೆಗೆ ಹೋಗುತ್ತದೆ, ಕಟ್ಟಿಗೆ ಮನೆಯಲ್ಲಿ ಉಳಿಯುತ್ತದೆ. ಆ ಕಟ್ಟಿಗೆಯನ್ನು ಅಡ್ಡಡ್ಡ ಹೆಣೆದು ಚಪ್ಪರ ಮಾಡಿ ಹೀರೆ, ಅವರೆ ಬಳ್ಳಿ ಬಿಟ್ಟಿದ್ದರು. ಎರಡು ಮಳೆಗಾಲ ಬಾಳುತ್ತದಂತೆ, ಆಮೇಲೆ ಒಲೆಗೆ, ಬೂದಿ ಮತ್ತೆ ಗಿಡಕ್ಕೆ. ಒಡೆದ ಹರವಿಯ ಬಾಯಿಯನ್ನು ಕೆಳಮುಖವಾಗಿ ಹೂತು ಅದರೊಳಗೆ ಅರಿಶಿನ. ಸೋರುವ ಕೊಡವನ್ನು ಗಿಡದ ಬುಡದಲ್ಲಿ ಕುತ್ತಿಗೆವರೆಗೆ ಹೂತಿದ್ದರು. ತುಂಬಿಸಿಟ್ಟರೆ ಬಿರುಕಿನಿಂದ ನೀರು ಮೆಲ್ಲಗೆ ಬೇರಿಗೆ ಜಿನುಗುತ್ತದೆ. ಹಕ್ಕಿ ಬೆದರಿಸಲು ಕಟ್ಟಿದ ದಾರದಲ್ಲಿ ಹಳೆಯ ಲಂಬಾಣಿ ಕುಪ್ಪಸದಿಂದ ಬಿಚ್ಚಿದ ಕನ್ನಡಿ ಬಿಲ್ಲೆಗಳು ಗಾಳಿಗೆ ತಿರುಗುತ್ತ ಇಡೀ ಅಂಗಳಕ್ಕೆ ಬೆಳಕಿನ ಚುಕ್ಕೆ ಎರಚುತ್ತಿದ್ದವು. ಒಳಗಿನ ಮಂಚದ ಮೇಲೆ ಹತ್ತಾರು ಸೀರೆಗಳ ತುಂಡಿನ ಕೌದಿ ಹಾಸಿತ್ತು. ಹೊರಗಿನ ತೋಟಕ್ಕೂ ಆ ಕೌದಿಗೂ ಹಾಕಿದ ಕೈ ಒಂದೇ ಎಂದು ಹೇಳುವ ಅಗತ್ಯವೇ ಇರಲಿಲ್ಲ.

ಆ ಮನೆಯ ಯಜಮಾನಿ ನನ್ನನ್ನು ಬಿಸಿಲಲ್ಲಿ ನಿಲ್ಲಿಸಲಿಲ್ಲ, ಚಪ್ಪರದಡಿ ಕೂರಿಸಿ ಮಜ್ಜಿಗೆ ಕೊಟ್ಟರು. ಆಮೇಲೆ ಅವರೇ ಪ್ರಶ್ನೆ ಕೇಳತೊಡಗಿದರು.

"ನಿಮ್ಮ ಮನ್ಯಾಗ ಹಳೀದು ಏನೇನ್ ಅದರೀ ಅಣ್ಣಾರ?"

ಅಟ್ಟದ ಮೇಲಿರುವ ಅಮ್ಮನ ತಾಮ್ರದ ಹಂಡೆ, ತಳ ತೂತಾದ ತಗಡಿನ ಬಕೆಟು, ಕಾಲು ಮುರಿದ ಕಟ್ಟಿಗೆಯ ಕುರ್ಚಿ ಎಂದೆ.

"ತಾಂಬ್ರದ್ದು ಮುಟ್ಟಬ್ಯಾಡ್ರಿ, ಅದು ಅವ್ವಂದು, ಕಲಾಯಿ ಹಾಕಿಸಿ ನೀರು ಕಾಸ್ರಿ. ಬಕೆಟ್‌ನ್ಯಾಗ ಬಸಳಿ ಹಚ್ಚರಿ, ತೂತು ಹೆಂಗೂ ಆಗ್ಯಾದ. ಕುರ್ಚಿ ಕಾಲು ಮುರದದ ಅಂದ್ರಲ್ಲ, ಗ್ವಾಡಿಗಿ ಆನಿಸಿ ನಿಲ್ಲಸರಿ, ಬಳ್ಳಿ ತಾನೇ ಹತ್ತತದ." ಇಷ್ಟು ಹೇಳಿ ಒಳಗೆ ಹೋಗಿ, ಸೀರೆಯ ಚೂರಿನಲ್ಲಿ ಗಂಟು ಕಟ್ಟಿದ ಹೀರೆ ಬೀಜ ತಂದು ಕೈಗಿಟ್ಟರು. "ಮಿರಗಾ ಮಳಿ ಬಿದ್ದ ಮ್ಯಾಲ ಹಾಕ್ರಿ. ಮೊದಲ ಹಾಕಬ್ಯಾಡ್ರಿ, ಸುಟ್ಟ ಹೋಗತಾವ."